ಹಳೇ ಡೀಸೆಲ್ ಪಿಕಪ್: ಬೆಳಿಗ್ಗೆ ಮಿಸ್ಸಿಂಗ್, ಘಾಟಿಯಲ್ಲಿ ಜರ್ಕ್. ಯಾರಿಗಾದರೂ ಅನುಭವ ಇದೆಯಾ?

ಕೇಳಿದವರು, ಸಕಲೇಶಪುರ

ಗಾಡಿ 2008ರ ಮಾಡೆಲ್ ಪಿಕಪ್. ಎರಡೂವರೆ ಲೀಟರ್ ಡಿ.ಐ. (ಡೈರೆಕ್ಟ್ ಇಂಜೆಕ್ಷನ್) ಎಂಜಿನ್, ನಾಲ್ಕು ಸಿಲಿಂಡರ್, ಟರ್ಬೊ ಇಲ್ಲ, ಸೆನ್ಸರ್ ಇಲ್ಲ, ಪ್ರತಿ ಸಿಲಿಂಡರಿಗೂ ಬೇರೆ ಬೇರೆಯಾಗಿ ಡೀಸೆಲ್ ಒತ್ತುವ ಹಳೇ ಕಾಲದ ಇನ್‌ಲೈನ್ ಪಂಪು. ಶುಂಠಿ, ತರಕಾರಿ ತುಂಬಿಕೊಂಡು ಮಂಗಳೂರಿಗೆ ಹೋಗಿಬರುತ್ತೆ. ಬೆಳಿಗ್ಗೆ ಸ್ಟಾರ್ಟ್ ಆದ ಕೂಡಲೇ ಮಿಸ್ಸಿಂಗ್, ಅಂದರೆ ಯಾವುದೋ ಸಿಲಿಂಡರ್ ಹೊಡೆಯದ ಹಾಗೆ ಕುಂಟೋಕೆ ಶುರು. ಇಡೀ ಕ್ಯಾಬಿನ್ ನಡುಗುತ್ತೆ, ಬಿಳಿ ಹೊಗೆ, ಹಿಂದೆ ನಿಂತರೆ ಕಣ್ಣುರಿ. ಬಿಸಿಯಾದ ಮೇಲೆ ಸುಮಾರಾಗಿ ಸರಿಹೋಗುತ್ತೆ. ಆದರೆ ವಾಪಸ್ ಬರುವಾಗ ಗುಂಡ್ಯ ದಾಟಿ ಶಿರಾಡಿ ಏರು ಹಿಡಿದರೆ ಮತ್ತೆ ಜರ್ಕ್. ಮೂರನೇ ಗೇರಲ್ಲಿ ಚೆನ್ನಾಗಿ ಎಳೆಯುತ್ತಾ ಇದ್ದದ್ದು ಒಮ್ಮೆಗೇ ಉಸಿರು ಬಿಟ್ಟು, ಮತ್ತೆ ಹಿಡಿದುಕೊಳ್ಳುತ್ತೆ.

ಡೀಸೆಲ್ ಫಿಲ್ಟರ್ ಹೊಸದು, ಇಂಜೆಕ್ಟರ್ ನಾಝಲ್ (ಸಿಲಿಂಡರಿಗೆ ಡೀಸೆಲ್ ಸಿಂಪಡಿಸುವ ಮೂತಿ) ಸರ್ವಿಸ್ ಆಗಿದೆ, ಪಂಪ್ ಇಳಿಸಿ ಕ್ಯಾಲಿಬ್ರೇಷನ್ ಕೂಡ ಆಗಿದೆ. ಈಗ ಒಬ್ಬರು ಹೆಡ್ ಇಳಿಸಿ ಬೋರ್ (ಸಿಲಿಂಡರಿನ ಒಳಮೈ) ಸವೆದಿದೆಯಾ ನೋಡೋಣ ಅಂತಿದ್ದಾರೆ. ಅಷ್ಟು ದುಡ್ಡು ಸುರಿಯುವ ಮುಂಚೆ ಇನ್ನೇನಾದರೂ ನೋಡಬಹುದಾ?

ಬೆಂಗಳೂರು, ನೆಲಮಂಗಲ ಕಡೆಯ ಚಾಲಕರು

ಎಂಜಿನ್ ಮೌಂಟಿಂಗ್ ರಬ್ಬರ್ ನೋಡಿದ್ರಾ? ಅದು ಕುಸಿದಿದ್ದರೂ ಐಡಲ್‌ನಲ್ಲಿ (ಆಕ್ಸಿಲರೇಟರ್ ಒತ್ತದೆ ಓಡುವಾಗ) ಹೀಗೇ ನಡುಗುತ್ತೆ, ಮೆಕ್ಯಾನಿಕ್‌ಗಳು ಮಿಸ್ಸಿಂಗ್ ಅಂತಲೇ ಹೇಳಿಬಿಡ್ತಾರೆ. ಬಿಳಿ ಹೊಗೆ ಮೌಂಟಿಂಗಿಂದ ಬರಲ್ಲ, ಅದು ಬೇರೆ. ಆದರೂ ನೋಡೋಕೆ ಖರ್ಚಿಲ್ಲ.

ಗಂಧಕ ಕಮ್ಮಿ ಇರೋ ಬಿಎಸ್-6 ಡೀಸೆಲ್ ಬಂದ ಮೇಲೆ ಹಳೇ ಪಂಪುಗಳಿಗೆಲ್ಲ ಇದೇ ಗತಿ ಅಂತ ನಮ್ಮ ಸ್ಟ್ಯಾಂಡಲ್ಲಿ ಎಲ್ಲರೂ ಹೇಳ್ತಾರೆ. ಒಂದು ಬಾಟಲಿ ಇಂಜೆಕ್ಟರ್ ಕ್ಲೀನರ್ ಹಾಕಿ ನೋಡಿ.

ಹುಬ್ಬಳ್ಳಿಯವರು

ಹೆಡ್ಡಿಗೆ ಈಗ ಕೈ ಹಚ್ಚಬ್ಯಾಡ್ರಿ. ಎಂಜಿನ್ ಚಾಲೂ ಇದ್ದಾಗ ಆಯಿಲ್ ಹಾಕೋ ಮುಚ್ಚಳ ತಿರುವಿ ಸುಮ್ನ ಮ್ಯಾಲ ಇಟ್ಟು ನೋಡ್ರಿ. ಮುಚ್ಚಳ ಕುಣದು ಕೆಳಗ ಬಿದ್ರ, ಹೊಗಿ ಭುಸುಭುಸು ಅಂತ ಬಂದ್ರ, ಪಿಸ್ಟನ್ ರಿಂಗ್ ಸವದಾವ ಅಂತ ತಿಳ್ಕೋರಿ. ಆಯಿಲ್ ಎಷ್ಟು ಕುಡೀತೈತಿ ಅದನ್ನೂ ಹೇಳ್ರಿ. ಆಯಿಲ್ ಕಮ್ಮಿ ಆಗವಲ್ದು, ಮುಚ್ಚಳದಾಗ ಹೊಗಿ ಇಲ್ಲ ಅಂದ್ರ ಬೋರ್ ಮಾತು ಯಾಕ ಬಂತು?

ದಾವಣಗೆರೆ, ಪಂಪ್ ರೂಮಿನಲ್ಲಿ ಕೆಲಸ ಮಾಡಿದವರು

ಇನ್‌ಲೈನ್ ಪಂಪು ಅಂದಿರಿ, ಅದಕ್ಕೇ ಬರೆಯುತ್ತಿದ್ದೇನೆ. ನಮ್ಮ ಕಾಲದಲ್ಲಿ ಇವಕ್ಕೆಲ್ಲ ಮೈಕೋ ಪಂಪು ಅಂತಲೇ ಹೆಸರು. 1951ರಲ್ಲಿ ಶುರುವಾದ ಮೈಕೋ ಕಂಪನಿ 2008ರಲ್ಲಿ ಬಾಷ್ ಅಂತ ಹೆಸರು ಬದಲಿಸಿಕೊಂಡರೂ ಗ್ಯಾರೇಜಿನಲ್ಲಿ ಇವತ್ತಿಗೂ ಯಾರೂ ಬದಲಿಸಿಲ್ಲ. ಆಡುಗೋಡಿಯ ಕಾರ್ಖಾನೆ ನೋಡಿದವರಿಗೆ ಗೊತ್ತು.

ನೀವು ಇಷ್ಟು ಸಾಮಾನು ಬದಲಿಸಿದ್ದೀರಿ, ಕೆಲಸ ಮಾಡಿಸಿದ್ದೀರಿ. ಆದರೆ ಯಾವ ಸಿಲಿಂಡರ್ ಹೊಡೆಯುತ್ತಿಲ್ಲ ಎಂಬುದನ್ನು ಯಾರೂ ನೋಡಿದಂತಿಲ್ಲ. ಅದು ಗೊತ್ತಾಗದೆ ನಾಝಲ್ಲು, ಪಂಪು, ಹೆಡ್ಡು ಅಂತ ಹೋಗುವುದು ಕುರುಡಾಟ.

ಬೆಳಿಗ್ಗೆ ಎಂಜಿನ್ ತಣ್ಣಗಿರುವಾಗ, ಮಿಸ್ ಹೊಡೆಯುತ್ತಿರುವಾಗಲೇ ಮಾಡಬೇಕು. ಬಿಸಿಯಾಗಿ ಸರಿಹೋದ ಮೇಲೆ ಮಾಡಿ ಏನೂ ಸಿಗುವುದಿಲ್ಲ. ಐಡಲ್‌ನಲ್ಲಿ ಬಿಟ್ಟು, ಪಂಪಿನಿಂದ ಇಂಜೆಕ್ಟರಿಗೆ ಹೋಗುವ ಕಬ್ಬಿಣದ ಪೈಪಿನ ನಟ್ಟನ್ನು ಇಂಜೆಕ್ಟರ್ ತುದಿಯಲ್ಲಿ ಒಂದೊಂದಾಗಿ ಅರ್ಧ ಸುತ್ತು ಸಡಿಲಿಸಿ. ನಟ್ಟಿನ ಮೇಲೆ ಬಟ್ಟೆ ಹಾಕಿ, ಕಣ್ಣಿಗೆ ಕನ್ನಡಕ ಇರಲಿ, ಬಿಸಿ ಸೈಲೆನ್ಸರ್ ಪೈಪಿನ ಮೇಲೆ ಡೀಸೆಲ್ ಚೆಲ್ಲದಂತೆ ನೋಡಿಕೊಳ್ಳಿ. ಕೆಲಸ ಮಾಡುತ್ತಿರುವ ಸಿಲಿಂಡರಿನ ನಟ್ಟು ಸಡಿಲಿಸಿದರೆ ಎಂಜಿನ್ ಕುಸಿಯುತ್ತದೆ, ಸದ್ದು ಬದಲಾಗುತ್ತದೆ. ಸತ್ತ ಸಿಲಿಂಡರಿನದನ್ನು ಸಡಿಲಿಸಿದರೆ ಎಂಜಿನ್ನಿಗೆ ಏನೂ ಆಗುವುದಿಲ್ಲ. ಒಂದನ್ನು ಬಿಗಿ ಮಾಡಿದ ಮೇಲೆಯೇ ಇನ್ನೊಂದಕ್ಕೆ ಹೋಗಿ.

ಒಂದೇ ಸಿಲಿಂಡರ್ ಸಿಕ್ಕಿತು ಅಂದುಕೊಳ್ಳಿ. ಅದರ ಇಂಜೆಕ್ಟರನ್ನು ಪಕ್ಕದ್ದರ ಜೊತೆ ಅದಲುಬದಲು ಮಾಡಿ. ದೋಷ ಇಂಜೆಕ್ಟರಿನ ಹಿಂದೆಯೇ ಹೋದರೆ ನಾಝಲ್ ಸರಿ ಇಲ್ಲ. ಟೆಸ್ಟರಿನಲ್ಲಿ ಹಾಕಿಸಿ, ತೆರೆಯುವ ಒತ್ತಡಕ್ಕಿಂತ 20 ಬಾರ್ ಕಡಿಮೆಯಲ್ಲಿ 10 ಸೆಕೆಂಡ್ ಹಿಡಿಯಬೇಕು, ತುದಿಯಲ್ಲಿ ಹನಿ ಕಟ್ಟಬಾರದು. ಸ್ಪ್ರೇ ಆಗುವಾಗ ಕೈ ಅಡ್ಡ ಇಡಬೇಡಿ, ಚರ್ಮದೊಳಕ್ಕೆ ನುಗ್ಗುತ್ತದೆ. ದೋಷ ಹಳೇ ಸಿಲಿಂಡರಿನಲ್ಲೇ ಉಳಿದರೆ ಪಂಪಿನಲ್ಲಿ ಆ ಸಿಲಿಂಡರಿಗೆ ಡೀಸೆಲ್ ಒತ್ತುವ ಎಲಿಮೆಂಟು, ಡೆಲಿವರಿ ವಾಲ್ವು, ಇಲ್ಲವೇ ಕಂಪ್ರೆಷನ್. ಕಂಪ್ರೆಷನ್ ಗೇಜಿನ ಮಾತು ಬರುವುದು ಇಲ್ಲಿ, ಅದಕ್ಕೆ ಮೊದಲಲ್ಲ. ಗೇಜು ಹಾಕಿದಾಗಲೂ ಅಂಕಿ ಎಷ್ಟಿದೆ ಎಂಬುದಕ್ಕಿಂತ ನಾಲ್ಕರಲ್ಲಿ ಯಾವುದು ಉಳಿದವುಗಳಿಂದ ಬೇರೆ ನಿಂತಿದೆ ಅಂತ ನೋಡಿ. ಅಕ್ಕಪಕ್ಕದ ಎರಡು ಸಿಲಿಂಡರ್ ಒಟ್ಟಿಗೆ ಕಡಿಮೆ ತೋರಿಸಿದರೆ ನಡುವೆ ಹೆಡ್ ಗ್ಯಾಸ್ಕೆಟ್ ಹೋಗಿರಬಹುದು.

ಇನ್ನೊಂದು ಸಾಧ್ಯತೆ: ನಾಲ್ಕೂ ನಟ್ಟಿಗೆ ಎಂಜಿನ್ ಹೆಚ್ಚುಕಡಿಮೆ ಒಂದೇ ರೀತಿ ಕುಸಿಯುತ್ತದೆ, ಆದರೂ ಮಿಸ್ ಇದೆ. ಅಥವಾ ಒಮ್ಮೆ ಒಂದನೆಯದು ಸತ್ತಂತೆ, ಇನ್ನೊಮ್ಮೆ ನಾಲ್ಕನೆಯದು. ಆಗ ಎಂಜಿನ್ನನ್ನು ಬಿಟ್ಟುಬಿಡಿ. ಡೀಸೆಲ್ ಲೈನಿಗೆ ಗಾಳಿ ಬರುತ್ತಿದೆ. ನನ್ನ ಅನುಮಾನ ಇರುವುದು ಇಲ್ಲೇ.

ಹೊಗೆಯ ಬಗ್ಗೆ: ಕಣ್ಣುರಿಯುವ ಬಿಳಿ ಹೊಗೆ ಅಂದರೆ ಉರಿಯದ ಡೀಸೆಲ್. ಕೂಲೆಂಟ್ ಸುಡುತ್ತಿದ್ದರೆ ಹೊಗೆಗೆ ಸಿಹಿ ವಾಸನೆ ಇರುತ್ತದೆ, ರೇಡಿಯೇಟರ್ ನೀರೂ ಇಳಿಯುತ್ತದೆ. ಇನ್ನು, ಎಕ್ಸಾಸ್ಟ್ ಟ್ಯಾಪೆಟ್ ಬಿಗಿಯಾಗಿದ್ದರೆ (ವಾಲ್ವಿನ ಮೇಲಿನ ಸಂದು ಕಡಿಮೆ ಇದ್ದರೆ) ಸಾಮಾನ್ಯವಾಗಿ ಬಿಸಿಯಾದ ಮೇಲೆ ಮಿಸ್ ಹೆಚ್ಚಬೇಕು. ನಿಮ್ಮದು ಉಲ್ಟಾ.

ಬಿಎಸ್-6 ವಿಚಾರ ಬಂತಲ್ಲ. 2020ರ ಏಪ್ರಿಲ್‌ನಿಂದ ಗಂಧಕ 10 ಪಿಪಿಎಂಗೆ ಇಳಿದದ್ದು ನಿಜ. ಗಂಧಕ ತೆಗೆದಾಗ ಹೋಗುವ ಜಿಡ್ಡಿನ ಬದಲು ಬೇರೆ ಅಂಶ ಸೇರಿಸಿಯೇ ಕೊಡುತ್ತಾರೆ. ಇಷ್ಟು ವರ್ಷದ ರಬ್ಬರ್ ಪೈಪು ಗಟ್ಟಿಯಾಗಿ ಬಿರಿದರೆ ಅದಕ್ಕೆ ವಯಸ್ಸು ಕಾರಣ. ಬಾಟಲಿ ಕ್ಲೀನರಿಗೆ ದುಡ್ಡು ಹಾಕಬೇಡಿ. ಸೀಮೆಎಣ್ಣೆ ಬೆರೆಸಿ ಅಂತ ಯಾರಾದರೂ ಹೇಳಿದರೆ ಕೈಮುಗಿದು ಕಳಿಸಿ, ಅದರಲ್ಲಿ ಪಂಪಿಗೆ ಬೇಕಾದ ಜಿಡ್ಡಿಲ್ಲ.

ಮೈಸೂರು, ಕಾಮನ್ ರೈಲ್ ಗಾಡಿಯವರು

ಮೇಲಿನದನ್ನು ಓದಿ ಹೊಸ ಗಾಡಿಯವರು ಯಾರೂ ಸ್ಪ್ಯಾನರ್ ಹಿಡಿಯಬೇಡಿ. ಕಾಮನ್ ರೈಲ್ ಅಂದರೆ ಎಲ್ಲಾ ಇಂಜೆಕ್ಟರಿಗೂ ಒಂದೇ ಕೊಳವೆಯಿಂದ ಡೀಸೆಲ್ ಹೋಗುವುದು. ಎಂಜಿನ್ ಓಡುವಾಗ ಆ ರೈಲಿನ ಒತ್ತಡ ಐಡಲ್‌ನಲ್ಲೇ ನೂರಾರು ಬಾರ್, ಲೋಡ್ ಬಿದ್ದರೆ 1000 ಬಾರ್ ದಾಟುತ್ತದೆ. ನಟ್ಟು ಸಡಿಲಿಸಿದರೆ ಬರುವ ಡೀಸೆಲ್ ಎಳೆ ಗ್ಲೋವ್ಸನ್ನೂ ಚರ್ಮವನ್ನೂ ಕೊರೆದು ಒಳಗೆ ಹೋಗುತ್ತದೆ. ಹೊರಗೆ ಸಣ್ಣ ಚುಕ್ಕೆ ಕಾಣುತ್ತೆ, ಒಳಗೆ ಮಾಂಸ ಕೊಳೆಯೋಕೆ ಶುರುವಾಗಿರುತ್ತೆ. ಹಾಗೇನಾದರೂ ಆದರೆ ನೋವಿಲ್ಲ ಅಂತ ಕೂರದೆ ತಕ್ಷಣ ದೊಡ್ಡಾಸ್ಪತ್ರೆಗೆ ಹೋಗಬೇಕು. ಇಂಥ ಗಾಡಿಯಲ್ಲಿ ಸ್ಕ್ಯಾನರ್ ಹಾಕಿ ಪ್ರತಿ ಇಂಜೆಕ್ಟರಿನ ಕರೆಕ್ಷನ್ ಅಂಕಿ (ಕಂಪ್ಯೂಟರ್ ಅದಕ್ಕೆ ಎಷ್ಟು ಡೀಸೆಲ್ ಹೆಚ್ಚುಕಡಿಮೆ ಮಾಡುತ್ತಿದೆ ಎಂಬುದು) ನೋಡಬೇಕು, ನಾಲ್ಕು ರಿಟರ್ನ್ ಪೈಪಿಗೂ ಬಾಟಲಿ ಕಟ್ಟಿ ಯಾವುದರಿಂದ ಹೆಚ್ಚು ವಾಪಸ್ ಬರುತ್ತೆ ಅಂತ ಅಳೆಯಬೇಕು.

ಹಳೇ ಎಂಜಿನ್ನಿಗೆ ನನ್ನದೊಂದು ಸಲಹೆ. ನಟ್ಟು ಮುಟ್ಟೋಕೆ ಧೈರ್ಯ ಇಲ್ಲದವರು ಸ್ಟಾರ್ಟ್ ಮಾಡಿದ ಕೂಡಲೇ ಎಕ್ಸಾಸ್ಟ್ ಮ್ಯಾನಿಫೋಲ್ಡಿನ ನಾಲ್ಕೂ ಕವಲಿಗೆ ಇನ್‌ಫ್ರಾರೆಡ್ ಥರ್ಮಾಮೀಟರ್ ಹಿಡಿಯಿರಿ. ಬಿಸಿಯಾಗದೆ ಹಿಂದುಳಿದದ್ದು ಸತ್ತ ಸಿಲಿಂಡರ್. ಕೋವಿಡ್ ಕಾಲದಲ್ಲಿ ಹಣೆಗೆ ಹಿಡಿಯುತ್ತಿದ್ದ ಗನ್ ಇದಕ್ಕೆ ಆಗಲ್ಲ, ಅದು ಜ್ವರದ ಮಟ್ಟ ದಾಟಿದರೆ ಅಂಕಿಯನ್ನೇ ತೋರಿಸಲ್ಲ. ಕಾರ್ಖಾನೆಯಲ್ಲಿ ಬಳಸೋದು ಬೇಕು.

ಡಲ್ಲಾಸ್‌ನಲ್ಲಿರುವ ಕನ್ನಡಿಗರು

ಇಲ್ಲಿ ಪಿಕಪ್ ಅಂದರೆ ಬಹುಮಟ್ಟಿಗೆ ಪೆಟ್ರೋಲ್ ಗಾಡಿ, ಆದರೆ ಹುಡುಕುವ ಕ್ರಮ ದಾವಣಗೆರೆಯವರು ಹೇಳಿದ್ದೇ. ಗಾಡಿಯ ಕಂಪ್ಯೂಟರಿನ ದೋಷದ ಕೋಡ್ ಓದಿಸಿದರೆ ಪಿ 0304 ಅಂದರೆ ನಾಲ್ಕನೇ ಸಿಲಿಂಡರ್, ಪಿ 0300 ಅಂದರೆ ಒಂದಕ್ಕೇ ಅಂಟಿಕೊಳ್ಳದ ಮಿಸ್. ಒಂದೇ ಸಿಲಿಂಡರ್ ಆದರೆ ಅದರ ಪ್ಲಗ್ಗಿಗೆ ಕಿಡಿ ಕೊಡುವ ಕಾಯಿಲ್ ತೆಗೆದು ಇನ್ನೊಂದಕ್ಕೆ ಹಾಕಿ, ಕೋಡ್ ಜೊತೆಗೆ ಓಡುತ್ತಾ ನೋಡುವುದು. ಪಿ 0300 ಆದರೆ ವ್ಯಾಕ್ಯೂಮ್ ಲೀಕ್, ಫ್ಯೂಯಲ್ ಪ್ರೆಷರ್ ಕಡೆ ಹೋಗುವುದು. ಚೆಕ್ ಎಂಜಿನ್ ದೀಪ ಮಿಣುಕುತ್ತಿದ್ದರೆ ಓಡಿಸಬಾರದು, ಉರಿಯದ ಪೆಟ್ರೋಲ್ ಕ್ಯಾಟಲಿಟಿಕ್ ಕನ್ವರ್ಟರನ್ನು ಸುಟ್ಟುಬಿಡುತ್ತೆ. 2004ರ ನಂತರದ ಫೋರ್ಡ್ ಎಫ್-150ರ 5.4 ಲೀಟರ್ ಮೂರು ವಾಲ್ವಿನ ಎಂಜಿನ್ ಇದ್ದವರಿಗೆ ಒಂದು ಮಾತು: ಅದರ ಮೊದಲ ವರ್ಷಗಳ ಸ್ಪಾರ್ಕ್ ಪ್ಲಗ್ ಎರಡು ತುಂಡಿನದು, ಬಲ ಹಾಕಿ ಬಿಚ್ಚಿದರೆ ಕೆಳಗಿನ ತುಂಡು ಹೆಡ್ಡಿನಲ್ಲೇ ಉಳಿಯುತ್ತೆ. ಸ್ವಲ್ಪ ಸಡಿಲಿಸಿ, ಕಾರ್ಬ್ಯುರೇಟರ್ ಕ್ಲೀನರ್ ಬಿಟ್ಟು ನೆನೆಯೋಕೆ ಬಿಡಬೇಕು.

ಕೇಳಿದವರು, ಸಕಲೇಶಪುರ

ಆಯಿಲ್ ಮುಚ್ಚಳ ಕುಣಿಯಲಿಲ್ಲ, ಹೊಗೆ ತೆಳುವಾಗಿದೆ, ಆಯಿಲ್ ಇಳಿಯುತ್ತಿಲ್ಲ. ಮೌಂಟಿಂಗ್ ಗಟ್ಟಿ ಇದೆ. ಬೆಳಿಗ್ಗೆ ನಟ್ಟು ಸಡಿಲಿಸಿ ನೋಡಿದೆವು. ಮೊದಲು ಎರಡನೆಯದು ಸತ್ತಂತಿತ್ತು, ಸ್ವಲ್ಪ ಹೊತ್ತು ಬಿಟ್ಟು ನೋಡಿದರೆ ಅದು ಹೊಡೆಯುತ್ತಿತ್ತು, ಒಂದನೆಯದು ಸುಮ್ಮನಾಗಿತ್ತು. ಮೂರನೆಯದನ್ನು ಸಡಿಲಿಸಿದಾಗ ಮಾತ್ರ ಐಡಲ್‌ನ ಟಕಟಕ ಸದ್ದು ಕಡಿಮೆಯಾಯಿತು, ಅದರ ಅರ್ಥ ಗೊತ್ತಾಗಲಿಲ್ಲ. ಪೈಪುಗಳೆಲ್ಲ ಒಣಗಿವೆ, ಎಲ್ಲೂ ಡೀಸೆಲ್ ಸೋರುತ್ತಿಲ್ಲ. ಹಾಗಿದ್ದ ಮೇಲೆ ಗಾಳಿ ಹೇಗೆ?

ದಾವಣಗೆರೆ

ಸೋರದೇ ಇರುವುದೇ ತೊಂದರೆ. ಟ್ಯಾಂಕ್ ಕೆಳಗೆ, ಎಂಜಿನ್ ಮೇಲೆ. ಟ್ಯಾಂಕಿನಿಂದ ಫೀಡ್ ಪಂಪಿನವರೆಗೆ (ಡೀಸೆಲ್ ಎಳೆದು ದೊಡ್ಡ ಪಂಪಿಗೆ ಕೊಡುವ ಸಣ್ಣ ಪಂಪು) ಡೀಸೆಲ್ ಒತ್ತಡದಿಂದ ಬರುವುದಿಲ್ಲ, ಎಳೆತದಿಂದ ಬರುತ್ತದೆ. ಆ ಭಾಗದಲ್ಲಿ ಬಿರುಕಿದ್ದರೆ ಡೀಸೆಲ್ ಹೊರಗೆ ಬರುವ ಬದಲು ಗಾಳಿ ಒಳಗೆ ಹೋಗುತ್ತದೆ, ಪೈಪಿನ ಮೇಲೆ ಒದ್ದೆಯೂ ಕಾಣುವುದಿಲ್ಲ. ರಾತ್ರಿಯೆಲ್ಲ ನಿಂತಾಗ ಅದೇ ಬಿರುಕಿನಿಂದ ಗಾಳಿ ಸೇರಿ ಲೈನಿನ ಡೀಸೆಲ್ ಟ್ಯಾಂಕಿಗೆ ಇಳಿಯುತ್ತದೆ. ಬೆಳಿಗ್ಗೆ ಪಂಪಿಗೆ ಗುಳ್ಳೆ ಗುಳ್ಳೆಯಾಗಿ ಬರುತ್ತದೆ. ಯಾವ ಎಲಿಮೆಂಟಿಗೆ ಗುಳ್ಳೆ ಸಿಕ್ಕಿತೋ ಆ ಸಿಲಿಂಡರ್ ಆ ಕ್ಷಣಕ್ಕೆ ಸತ್ತಂತೆ. ಅದಕ್ಕೇ ನಿಮ್ಮ ಮಿಸ್ ಜಾಗ ಬದಲಿಸುತ್ತಿದೆ.

ಪಂಪ್ ಕ್ಯಾಲಿಬ್ರೇಷನ್ ಮಾಡಿದವರನ್ನು ಬೈಯಬೇಡಿ. ಟೆಸ್ಟ್ ಬೆಂಚಿಗೆ ಅದರದೇ ಟ್ಯಾಂಕು, ಅದರದೇ ಪೈಪು. ನಿಮ್ಮ ಗಾಡಿಯ ಗಾಳಿ ಅಲ್ಲಿಗೆ ಬರುವುದೇ ಇಲ್ಲ, ಪಂಪು ಸರಿಯಾಗಿಯೇ ಕಾಣುತ್ತದೆ.

ಈಗ ಒಂದು ಪ್ರಶ್ನೆ. ಶಿರಾಡಿ ಏರುವಾಗ ಟ್ಯಾಂಕಿನಲ್ಲಿ ಎಷ್ಟಿರುತ್ತದೆ?

ಕೇಳಿದವರು, ಸಕಲೇಶಪುರ

ಊರಲ್ಲೇ ಹಾಕಿಸಿಕೊಂಡು ಹೊರಡುವುದು. ವಾಪಸ್ ಬರುವ ಹೊತ್ತಿಗೆ ಅರ್ಧಕ್ಕಿಂತ ಕೆಳಗೆ. ಹೋಗುವಾಗ ಘಾಟಿ ಇಳಿಜಾರು, ಹಾಗಾಗಿ ತುಂಬಿದ ಟ್ಯಾಂಕಿನಲ್ಲಿ ಏರು ಹತ್ತಿಸಿದ್ದೇ ಇಲ್ಲ!

ದಾವಣಗೆರೆ

ಹಾಗಾದರೆ ಮುಂದಿನ ಸಲ ಉಪ್ಪಿನಂಗಡಿ ಹತ್ತಿರ ಟ್ಯಾಂಕ್ ತುಂಬಿಸಿಕೊಂಡು ಏರಿ ನೋಡಿ. ಜರ್ಕ್ ಹೋದರೆ ಟ್ಯಾಂಕಿನೊಳಗಿನ ಎಳೆಯುವ ಕೊಳವೆ ತೂತಾಗಿದೆ. ತೂತು ಡೀಸೆಲ್‌ನಲ್ಲಿ ಮುಳುಗಿರುವವರೆಗೆ ಗೊತ್ತಾಗುವುದಿಲ್ಲ, ಮಟ್ಟ ಕೆಳಗಿಳಿದರೆ ಅಲ್ಲಿಂದ ಗಾಳಿ ಎಳೆಯುತ್ತದೆ. ಏರಿನಲ್ಲಿ ಲೋಡ್ ಬಿದ್ದಾಗ ಡೀಸೆಲ್ ಹೆಚ್ಚು ಬೇಕು, ಆಗ ಎದ್ದು ಕಾಣುತ್ತದೆ.

ಇದಕ್ಕಿಂತ ಖಚಿತವಾದದ್ದು ಕ್ಯಾನ್ ಪರೀಕ್ಷೆ. ರಾತ್ರಿ ಗಾಡಿ ನಿಲ್ಲಿಸಿದ ಮೇಲೆ ಫೀಡ್ ಪಂಪಿಗೆ ಬರುವ ಪೈಪನ್ನು ಬಿಚ್ಚಿ, ಹೊಸ ಪಾರದರ್ಶಕ ಡೀಸೆಲ್ ಪೈಪ್ ಹಾಕಿ, ಎಂಜಿನ್ನಿಗಿಂತ ಎತ್ತರದಲ್ಲಿ ಭದ್ರವಾಗಿ ಇಟ್ಟ ಡೀಸೆಲ್ ಕ್ಯಾನಿಗೆ ಜೋಡಿಸಿ. ಹ್ಯಾಂಡ್ ಪ್ರೈಮರ್ ಒತ್ತಿ ಗಾಳಿ ತೆಗೆಯಿರಿ. ರಿಟರ್ನ್ ಪೈಪನ್ನೂ ಅದೇ ಕ್ಯಾನಿಗೆ ಬಿಡಿ. ಬೆಳಿಗ್ಗೆ ಸ್ಟಾರ್ಟ್ ಮಾಡಿ. ನೆಟ್ಟಗೆ ಓಡಿದರೆ ದೋಷ ಟ್ಯಾಂಕಿನಿಂದ ಫೀಡ್ ಪಂಪಿನ ನಡುವೆ. ಮಿಸ್ ಹಾಗೇ ಇದ್ದರೆ ಫೀಡ್ ಪಂಪಿನಿಂದ ಮುಂದೆ. ಅಂಗಳದಲ್ಲೇ ಮಾಡಿ, ಕ್ಯಾನ್ ಕಟ್ಟಿಕೊಂಡು ರಸ್ತೆಗೆ ಹೋಗಬೇಡಿ.

ಮೂರನೆಯದರ ಸದ್ದು ಬೇರೆ ಕಥೆ. ನಟ್ಟು ಸಡಿಲಿಸಿದಾಗ ಬಡಿತ ನಿಂತರೆ ಆ ಇಂಜೆಕ್ಟರ್ ಕಡೆ ಏನೋ ಸರಿ ಇಲ್ಲ. ಬಿಚ್ಚಿ, ಕೆಳಗಿನ ತಾಮ್ರದ ವಾಷರ್ ನೋಡಿ.

ಹುಬ್ಬಳ್ಳಿಯವರು

ಟ್ಯಾಂಕ್ ಇಳಿಸೋಕಿಂತ ಮೊದಲ ಚಾಸಿ ಮ್ಯಾಲ ಹಾದು ಬರೋ ಪೈಪ್ ನೋಡ್ರಿ, ಕ್ಲ್ಯಾಂಪ್ ಇರೋ ಕಡೆ ಉಜ್ಜಿ ತೂತ ಬೀಳ್ತೈತಿ. ವಾಟರ್ ಸೆಪರೇಟರ್ ಕೆಳಗಿನ ಸ್ಕ್ರೂ ಓರಿಂಗ್ ಸೈತ. ಫಿಲ್ಟರ್ ಬದ್ಲಿ ಮಾಡಿದವರು ಹಳೇ ಓರಿಂಗನ್ನ ಹಾಕಿರ್ತಾರ.

ಕೇಳಿದವರು, ಸಕಲೇಶಪುರ

ಕ್ಯಾನ್ ಕಟ್ಟಿದ ಬೆಳಿಗ್ಗೆ ಒಂದೇ ಸೆಲ್ಫ್‌ಗೆ ಸ್ಟಾರ್ಟ್, ಹೊಗೆ ಬಂದಷ್ಟೇ ಬೇಗ ಹೋಯಿತು, ನಡುಕ ಇಲ್ಲ. ಟ್ಯಾಂಕಿಗೆ ಪೈಪ್ ವಾಪಸ್ ಹಾಕಿದರೆ ಮತ್ತೆ ಅದೇ ಕುಂಟು, ಪಾರದರ್ಶಕ ಪೈಪಿನಲ್ಲಿ ಗುಳ್ಳೆ ಸಾಲಾಗಿ ಬರೋದು ಕಣ್ಣಿಗೇ ಕಂಡಿತು. ಚಾಸಿ ಪೈಪು, ಸೆಪರೇಟರ್ ಸರಿ ಇದ್ದವು. ಟ್ಯಾಂಕಿನ ಕೊಳವೆ ಹೊರಗೆ ತೆಗೆದರೆ ನಡುಭಾಗಕ್ಕಿಂತ ಸ್ವಲ್ಪ ಮೇಲೆ ತುಕ್ಕು ತಿಂದು ಸೂಜಿಮೊನೆಯ ತೂತು. ಹೊಸ ಕೊಳವೆ ಹಾಕಿ, ಅದರ ಮೇಲಿನ ರಬ್ಬರ್ ತುಂಡನ್ನೂ ಬದಲಿಸಿದ ಮೇಲೆ ಕಾಲು ಟ್ಯಾಂಕಿನಲ್ಲೇ ಮಾರನಹಳ್ಳಿವರೆಗೆ ಏರಿತು, ಜರ್ಕ್ ಇಲ್ಲ.

ಮೂರನೇ ಇಂಜೆಕ್ಟರ್ ಬಿಚ್ಚಿದರೆ ಅಡಿಯಲ್ಲಿ ಎರಡು ವಾಷರ್! ಹಳೆಯದು ಹೆಡ್ಡಿಗೆ ಕಚ್ಚಿಕೊಂಡಿತ್ತು, ನಾಝಲ್ ಸರ್ವಿಸ್ ಆದಾಗ ಅದರ ಮೇಲೇ ಹೊಸದನ್ನು ಕೂರಿಸಿದ್ದಾರೆ. ಹಳೆಯದೊಂದನ್ನೇ ತೆಗೆದು ಹಾಗೇ ಹಾಕಬಹುದಾ, ಇಲ್ಲ ಎಲ್ಲಾ ಬದಲಿಸಬೇಕಾ?

ದಾವಣಗೆರೆ

ಎರಡು ವಾಷರ್ ಇದ್ದರೆ ನಾಝಲ್ ಮೂತಿ ಮೇಲಕ್ಕೆ ಹೋಗುತ್ತದೆ, ಸ್ಪ್ರೇ ಪಿಸ್ಟನ್ ತಲೆಯ ಬಟ್ಟಲಿನ ಸರಿಯಾದ ಜಾಗಕ್ಕೆ ಬೀಳುವುದಿಲ್ಲ. ಒಮ್ಮೆ ಒತ್ತಿ ಚಪ್ಪಟೆಯಾದ ವಾಷರನ್ನು ಮತ್ತೆ ಬಳಸಬೇಡಿ. ನಾಲ್ಕಕ್ಕೂ ಒಂದೇ ದಪ್ಪದ ಹೊಸದು ಹಾಕಿ, ಕೂರಿಸುವ ಮೊದಲು ಇಂಜೆಕ್ಟರ್ ಕುಳಿಯ ತಳದ ಮಸಿ ಕೆರೆದು ಬಟ್ಟೆಯಲ್ಲಿ ಒರೆಸಿ. ಮಸಿ ಸಿಲಿಂಡರಿಗೆ ಬೀಳದಂತೆ ತೂತಿಗೆ ಗ್ರೀಸ್ ಸವರಿದ ಬಟ್ಟೆ ತುರುಕಿ, ಆಮೇಲೆ ಮರೆಯದೆ ತೆಗೆಯಿರಿ. ಕ್ಲ್ಯಾಂಪ್ ನಟ್ಟು ಎರಡಿದ್ದರೆ ಸಮವಾಗಿ ಬಿಗಿಯಿರಿ. ಪೈಪ್ ಜೋಡಿಸಿದ ಮೇಲೆ ಎಂಜಿನ್ ಓಡಿಸಿ ಇಂಜೆಕ್ಟರ್ ಬುಡಕ್ಕೆ ಸೋಪಿನ ನೀರು ಬಿಡಿ, ಗುಳ್ಳೆ ಎದ್ದರೆ ವಾಷರ್ ಕೂತಿಲ್ಲ ಅಂತ.