ಯಾವ ‘ಕಲೆ’ಯ ಗಾಜು? ಜೊತೆಗೆ ಕಲಾಯಿ, ಸೀಸದ ಪಟ್ಟಿ

ನಮಸ್ಕಾರ. ಮೂರು ತಿಂಗಳಿಂದ ನಾನೂ ನಮ್ಮನೆಯವರೂ ಭಾನುವಾರ ಬೆಳಿಗ್ಗೆ ಸ್ಟೇನ್ಡ್ ಗ್ಲಾಸ್, ಅಂದರೆ ಬಣ್ಣದ ಗಾಜಿನ ತುಂಡುಗಳನ್ನು ಕೂಡಿಸಿ ಚಿತ್ರ ಮಾಡುವ ಕೆಲಸ, ಕಲಿಯುತ್ತಿದ್ದೇವೆ. ಇಲ್ಲೇ ಮೈಸೂರಿನಲ್ಲಿ, ಮೇಷ್ಟ್ರ ಮನೆಯ ಕಾರ್ ಶೆಡ್ಡಿನಲ್ಲಿ. ಬೆರಳಿಗೆ ಬ್ಯಾಂಡೇಜು ಸುತ್ತಿಕೊಳ್ಳುವುದು ಕಡಿಮೆಯಾಗಿದೆ, ಪದಗಳ ಪರದಾಟ ಶುರುವಾಗಿದೆ. “ಅದೇನಮ್ಮ ಕಲೀತಿರೋದು?” ಅಂತ ಅತ್ತೆ ಫೋನಿನಲ್ಲಿ ಕೇಳಿದರೆ ತಡವರಿಸುತ್ತೇನೆ.

ಮೊಬೈಲಿನ ಅನುವಾದಕ್ಕೆ ಹಾಕಿದೆ. ‘ಕಲೆಯಾದ ಗಾಜು’ ಅಂತ ಬಂತು. “ಯಾವ ಕಲೆ ಕಣೇ, ಕಾಫಿ ಕಲೆಯೋ ಲಲಿತಕಲೆಯೋ?” ಅಂದರು ಇವರು. ಗಾಯ ಒಣಗಿದ ಮೇಲೆ ಉಳಿಯುವ ಕಲೆ ಒಂದು. ‘ಮಾಲಾ’ ಮಾಲೆಯಾದ ಹಾಗೆ ಸಂಸ್ಕೃತದ ‘ಕಲಾ’ ನಮ್ಮಲ್ಲಿ ಕಲೆಯಾದದ್ದು ಇನ್ನೊಂದು. ನನ್ನ ಮೊದಲ ಗಾಜಿಗೆ ಎರಡೂ ಒಪ್ಪುತ್ತವೆ, ಆ ಮಾತು ಬೇರೆ.

ಇಂಗ್ಲಿಷ್ ಹೆಸರೂ ಅಷ್ಟೇನೂ ನೆಟ್ಟಗಿಲ್ಲ. ಗಾಜಿನ ಬಣ್ಣ ಬಹುಮಟ್ಟಿಗೆ ಕುಲುಮೆಯಲ್ಲಿ ಕರಗಿರುವಾಗಲೇ ಬೆರೆಸಿದ್ದು: ನೀಲಿಗೆ ಕೋಬಾಲ್ಟ್, ಕೆಂಪಿಗೆ ಚಿನ್ನ. ಗಾಜಿನ ಮೈಯೊಳಕ್ಕೆ ಇಳಿಯುವ ‘ಸ್ಟೇನ್’ ಅಂದರೆ ಬೆಳ್ಳಿಯ ಲವಣ ಬಳಿದು ಸುಟ್ಟು ತರಿಸುವ ಹಳದಿ. ಅದು ಯೂರೋಪಿನಲ್ಲಿ ಹಬ್ಬಿದ್ದು 14ನೇ ಶತಮಾನದಲ್ಲಿ.

‘ಬಣ್ಣದ ಗಾಜು’ ಅನ್ನೋಣವೆಂದರೆ ನನ್ನ ಕೈಬಳೆಯೂ ಬಣ್ಣದ ಗಾಜೇ. ಫಿಲೋಮಿನಾ ಚರ್ಚಿನ ಕಿಟಕಿಗಳಲ್ಲಿ ಏಸುವಿನ ಕಡೆಯ ಭೋಜನ ಕಾಣುವುದೂ ಅರಮನೆಯ ಕಲ್ಯಾಣಮಂಟಪದ ಚಾವಣಿಯಲ್ಲಿ ನವಿಲು ಕಾಣುವುದೂ ತುಂಡು ತುಂಡು ಕೂಡಿಸಿದ್ದರಿಂದ. ಹಾಗಾಗಿ ನನ್ನ ಮನಸ್ಸು ‘ಚಿತ್ತಾರಗಾಜು’ ಕಡೆಗಿದೆ. ‘ವರ್ಣಕಾಚ’ ಮಾತ್ರ ಬೇಡ. ಕಾಚ ನಮ್ಮ ಬಾಯಲ್ಲಿ ಸವೆದು ಗಾಜಾದ ಮೇಲೆ ಅದಕ್ಕೆ ಮತ್ತೆ ಮಡಿ ಉಡಿಸುವುದೇಕೆ?

ಇನ್ನು ‘ಕತ್ತರಿಸು’. ಗಾಜನ್ನು ನಾವು ಕತ್ತರಿಸುವುದೇ ಇಲ್ಲ. ಪುಟ್ಟ ಚಕ್ರದ ಕಟರ್‌ನಿಂದ ಒಂದೇ ಸಲ ಗೀರುತ್ತೇವೆ, ಸಣ್ಣಗೆ ಜರ್ ಅನ್ನಬೇಕು. ಗೀರಿನ ಎರಡೂ ಬದಿ ಹಿಡಿದು ಬಗ್ಗಿಸಿದರೆ ಟಪ್. ‘ಗೀರಿ ಮುರಿ’ ಸಾಕು.

ನಾನು ಬರೆಯಲು ಕೂತದ್ದೇ ಮುಂದಿನದಕ್ಕೆ. ಪ್ರತಿ ತುಂಡಿನ ಅಂಚಿಗೆ ತೆಳ್ಳನೆಯ ತಾಮ್ರದ ಪಟ್ಟಿ ಸುತ್ತಿ, ಅದರ ಮೇಲೆ ಬೆಸುಗೆಯನ್ನು ತೆಳುವಾಗಿ ಹರಡುತ್ತಾರೆ. ಮೇಷ್ಟ್ರು ‘ಟಿನ್ನಿಂಗ್’ ಅನ್ನುತ್ತಾರೆ. ಸೋಲ್ಡರಿಂಗ್ ಐರನ್ನಿನ ತುದಿ ಕಪ್ಪಾದಾಗ ಅವರು ಅದನ್ನು ಬಿಳೀ ಬಿಲ್ಲೆಯೊಂದಕ್ಕೆ ಉಜ್ಜಿದರು. ದಟ್ಟ ಬಿಳಿ ಹೊಗೆ ಎದ್ದು ಮೂಗಿಗೆ ಘಾಟು ಬಡಿಯಿತು. ಮಂಡ್ಯದ ಹತ್ತಿರದ ಅಜ್ಜಿ ಮನೆಯ ಜಗಲಿಯೇ ಕಣ್ಣೆದುರು ಬಂತು: ತಿದಿ ಒತ್ತುತ್ತಾ, ಹತ್ತಿ ಉಂಡೆಯಿಂದ ಹಿತ್ತಾಳೆ ಪಾತ್ರೆಯೊಳಗೆ ತವರ ಒರೆಸುತ್ತಿದ್ದ ಕಲಾಯಿ ಸಾಬರು. ಬಿಲ್ಲೆ ಏನೆಂದು ಕೇಳಿದೆ. ಕಲಾಯಿಗೆ ಬಳಸುವ ಅದೇ ನವಸಾಗರ! ತಾಮ್ರದ ಮೇಲೆ ತವರದ ಲೇಪ, ಜೊತೆಗೆ ನವಸಾಗರ ಬೇರೆ. ಇದನ್ನು ಕಲಾಯಿ ಅನ್ನದೆ ಇನ್ನೇನನ್ನಲಿ? (ಅಡುಗೆ ಪಾತ್ರೆಯ ಕಲಾಯಿಗೆ ಸೀಸ ಬೆರೆಯಬಾರದು. ನಮ್ಮ ಬೆಸುಗೆಯಲ್ಲಿ 60 ಪಾಲು ತವರಕ್ಕೆ 40 ಪಾಲು ಸೀಸ. ಕೈ ತೊಳೆಯದೆ ಕಾಫಿ ಲೋಟ ಮುಟ್ಟುವಂತಿಲ್ಲ.)

ಉಳಿದದ್ದು ‘ಕೇಮ್’. ಹಳೆಯ ಚರ್ಚುಗಳ ಕಿಟಕಿಯಲ್ಲಿ ತುಂಡುಗಳನ್ನು ಹಿಡಿದಿಡುವ ಸೀಸದ ಪಟ್ಟಿ ಇದು. ಎರಡೂ ಪಕ್ಕದಲ್ಲಿ ಉದ್ದಕ್ಕೂ ತೋಡಿರುತ್ತದೆ, ಅದರಲ್ಲಿ ಗಾಜಿನ ಅಂಚು ಕೂರುತ್ತದೆ. ಇವರು ‘ಸೀಸದ ದಾರಂದ’ ಅನ್ನುತ್ತಾರೆ. “ಒಂದೇ ದಾರಂದಕ್ಕೆ ಎರಡೂ ಕಡೆ ಬಾಗಿಲು ಕೂರಿಸಿದ್ದು ಎಲ್ಲಿ ನೋಡಿದ್ರಿ?” ಅಂತ ನಾನು. ಮೂರು ಭಾನುವಾರದಿಂದ ಇದೇ ಜಗಳ.

ಎರಡೂ ಪಕ್ಕ ತೋಡಿರುವ ಇಂಥ ಪಟ್ಟಿಗೆ ನಿಮ್ಮ ಕಡೆಯ ಬಡಗಿಗಳು, ಗಾಜು ಕೂರಿಸುವವರು ಏನನ್ನುತ್ತಾರೆ? ಮರದ ಕೆಲಸದ ಪದವಾದರೂ ಸರಿಯೇ. ಕಲಾಯಿಗೆ ತಕರಾರಿದ್ದರೆ ಅದನ್ನೂ ಬರೆಯಿರಿ.