ಇಡೀ ದಿನದಲ್ಲಿ ನಿಮ್ಮದೇ ಅನ್ನುವ ಹತ್ತು ನಿಮಿಷ ಯಾವುದು?

ಪ್ರಶ್ನೆ (ಎರಡು ಮಕ್ಕಳ ತಾಯಿ, ಮೈಸೂರು):
ನನಗೆ ಬೆಳಿಗ್ಗೆ 5.30ರ ಕಾಫಿ. ರಾತ್ರಿಯೇ ಹಿತ್ತಾಳೆ ಫಿಲ್ಟರಿಗೆ ಪುಡಿ ಹಾಕಿ, ಮೆಲ್ಲಗೆ ಒತ್ತಿ, ಕುದಿಯುವ ನೀರು ಹುಯ್ದು ಇಡುತ್ತೇನೆ. ಅಮ್ಮ ಕೊಟ್ಟ ಫಿಲ್ಟರ್ ಅದು, ಮುಚ್ಚಳ ಒಂದು ಕಡೆ ನೆಗ್ಗಿದೆ. ಬೆಳಿಗ್ಗೆ ಅದನ್ನು ತೆಗೆದಾಗ ಬರುವ ಘಮ ಇದೆಯಲ್ಲ, ಅದಕ್ಕೇ ಏಳಬೇಕು ಅನ್ನಿಸುತ್ತೆ. ಡಬ್ಬಿ, ಯೂನಿಫಾರ್ಮ್, ಶಾಲೆ ವ್ಯಾನು ಎಲ್ಲ ಆಮೇಲೆ. ನಿಮ್ಮದು ಯಾವುದು?

ಉತ್ತರ 1:
ನನಗೆ ಮಲ್ಲಿಗೆ. ಆಫೀಸಿಂದ ಬರುವಾಗ ಒಂದು ಮೊಳ ತರುತ್ತೇನೆ. ಮೊಗ್ಗಿರುವಾಗಲೇ ಮುಡಿದು ಅಡುಗೆಗೆ ನಿಂತರೆ, ಊಟದ ಹೊತ್ತಿಗೆ ಅರಳಿರುತ್ತೆ.

ಉತ್ತರ 2:
ರಾತ್ರಿ ಇಳಿಸಿದ ಡಿಕಾಕ್ಷನ್ ಘಮ ಕಡಿಮೆಯಾಗಲ್ವಾ ಅಕ್ಕ? ಚಿಕೋರಿ ಎಷ್ಟು?

ಪ್ರಶ್ನೆ ಕೇಳಿದವರು:
ಸ್ವಲ್ಪ ಕಡಿಮೆಯಾಗುತ್ತೆ, ನಿಜ. ಆದ್ರೆ ಬೆಳಿಗ್ಗೆ ಅದು ಇಳಿಯೋವರೆಗೆ ಕಾಯೋಕೆ ಆಗಲ್ಲ. 80 ಕಾಫಿಗೆ 20 ಚಿಕೋರಿ. ಡಿಕಾಕ್ಷನ್ ಕುದಿಸಬೇಡಿ, ಕಹಿ ಜಾಸ್ತಿಯಾಗುತ್ತೆ. ಹಾಲು ಮಾತ್ರ ಕಾಯಿಸಿ ಬೆರೆಸಿ.

ಮಲ್ಲಿಗೆ ಅಂದವರೇ, ನಾಳೆ ನಾನೂ ತರುತ್ತೇನೆ. ಇವತ್ತು ಚಿಕ್ಕವಳು ಬೇಗ ಎದ್ದು ಬಂದಳು. ತೊಡೆ ಮೇಲೆ ಕೂತು ಲೋಟದ ನೊರೆ ಕೇಳಿದಳು. ಚಮಚದಲ್ಲಿ ಕೊಟ್ಟೆ.