ಹಳೇ ಗಾಡಿ: ಆಟೋಮ್ಯಾಟಿಕ್ಕೋ, ಗೇರಿಂದೋ? ಮಿಸ್ತ್ರಿಗೆ ಕೇಳ್ರಿ

ಸೇಡಂ: ಅಣ್ಣಾ, ಅಪ್ಪಗ ಮೊಣಕಾಲ್ ನೋವು. 2018ರ ವ್ಯಾಗನ್ ಆರ್ ಎಎಂಟಿ ಸಿಕ್ಕದ. ತಗೋಬೇಕೇನ್ರಿ?

ಮಿಸ್ತ್ರಿ, ಕಲಬುರಗಿ: ತಗೋರಿ, ಆದ್ರ ಕ್ಲಚ್ ನೋಡಿ. ಎಎಂಟಿ ಅಂದ್ರ ಒಳಗ ಗೇರಿನ ಗಾಡಿನೇ, ಪೆಡಲ್ ತುಳಿಯೋ ಕೆಲಸ ಆಕ್ಚುಯೇಟರ್ ಅನ್ನೋ ಯಂತ್ರ ಮಾಡ್ತದ. ಪ್ಲೇಟ್ ಸವೆಯೋದು ತಪ್ಪಂಗಿಲ್ಲ. ಗೇರ್ ಬದಲಾಗಾಗ ಸೊಲ್ಪ್ ತೂಗಾಡೋದು ಅದರ ಗುಣ. ರಿವರ್ಸ್‌ನ್ಯಾಗ ನಡುಗಿದ್ರ, ಸುಟ್ಟ ವಾಸನಿ ಬಂದ್ರ ಕ್ಲಚ್ ಸೆಟ್ಟಿನ ಖರ್ಚು ರೇಟಿನಾಗ ಮುರಕೊಳ್ರಿ.

ಆಳಂದ: ಗೇರಿನ ಗಾಡಿ ಕ್ಲಚ್ ಹ್ಯಾಂಗ ನೋಡೋದು?

ಮಿಸ್ತ್ರಿ: ನಾಲ್ಕನೇ ಗೇರ್, 40 ಸ್ಪೀಡ್, ಆಕ್ಸಿಲರೇಟರ್ ಪೂರಾ ಒತ್ರಿ. ಆರ್‌ಪಿಎಂ (ಇಂಜಿನ್ ತಿರುಗೋ ವೇಗ) ಜಿಗದು ಸ್ಪೀಡ್ ಏರಲಿಲ್ಲಂದ್ರ ಕ್ಲಚ್ ಹೋಗ್ಯದ.

ಬೀದರ್: ಹೈದರಾಬಾದಿನ 2017ರ ಸಿವಿಟಿ (ಗೇರಿನ ಮೆಟ್ಟಿಲಿಲ್ಲದ ಆಟೋಮ್ಯಾಟಿಕ್) ಗಾಡಿ, 78,000 ಕಿ.ಮೀ. ಮುಂಜಾನಿ ಡಿ (ಮುಂದ ಹೋಗೋ ಗೇರ್) ಹಾಕಿದ್ರ ಎರಡು ಸೆಕೆಂಡ್ ತಡದು ಹಿಡಿತದ. ಮಾರಾವ 'ಗೇರ್‌ಬಾಕ್ಸ್ ಎಣ್ಣಿ ಜಲ್ಮಕ್ಕ ಒಂದೇ ಸಲ' ಅಂತಾನ. ಮತ್ತ ಎನ್‌ಒಸಿ, ರೋಡ್ ಟ್ಯಾಕ್ಸ್ ಹ್ಯಾಂಗ್ರಿ?

ಮಿಸ್ತ್ರಿ: ಅಡ್ವಾನ್ಸ್ ಕೊಡಬ್ಯಾಡ್ರಿ, ಮೊದಲ ಇದು ಓದ್ರಿ. ಸಿವಿಟಿಯೊಳಗ ಎರಡು ಪುಲ್ಲಿ, ನಡುವ ಉಕ್ಕಿನ ಬೆಲ್ಟ್. ಬೆಲ್ಟ್ ಜಾರದಂಗ ಹಿಡಿಯೋದು ಎಣ್ಣಿ ಪ್ರೆಶರ್. ಎಣ್ಣಿ ಸತ್ರ ಬೆಲ್ಟ್ ಜಾರಿ ಪುಲ್ಲಿ ಗೀಚ್ತದ, ಆ ಪುಡಿ ಎಣ್ಣಿ ಹಂಚೋ ವಾಲ್ವ್ ಬಾಡಿಗೆ ಹೋಗ್ತದ, ಆಮ್ಯಾಲೆ ಡಿ ತಡ ಆಗ್ತದ. 40ರಿಂದ 60 ಸಾವಿರ ಕಿ.ಮೀ.ಗೆ ಎಣ್ಣಿ ಬದಲಿ ಆಗಿರಬೇಕು, ಬಿಲ್ ಕೇಳ್ರಿ. ರಾತ್ರಿಯೆಲ್ಲ ನಿಂತ ಗಾಡಿ ಚಾಲೂ ಮಾಡಿ, ಬ್ರೇಕ್ ಒತ್ತಿ ಆರ್ (ರಿವರ್ಸ್), ಡಿ ಹಾಕಿ ನೋಡ್ರಿ. ಅರ್ಧ ತಾಸು ಓಡಿಸಿ, ಕಾಯ್ದ ಮ್ಯಾಲೆ ಮತ್ತ ಅದನ್ನೇ ಮಾಡ್ರಿ. 40ರಿಂದ 60 ಸ್ಪೀಡಿನಾಗ ಹಗುರ ಒತ್ತಿದಾಗ ನಡುಕ, ಸ್ಪೀಡಿನ ಕೂಡ ಏರೋ ಗುಂಯ್ ಸಪ್ಪಳ ಇದ್ರ ಬಿಟ್ಟುಬಿಡ್ರಿ. ಗೇರ್‌ಬಾಕ್ಸ್ ಸ್ಕ್ಯಾನ್ ಮಾಡಿಸ್ರಿ. ಕೆಳಗಿನ ಪ್ಯಾನ್ ಬಿಚ್ಚಿ ಮ್ಯಾಗ್ನೆಟ್ ನೋಡ್ರಿ: ಬೂದಿಬಣ್ಣದ ನುಣ್ಣನೆ ಕೆಸರು ಇದ್ರ ನಡೀತದ, ಬೆರಳಿಗೆ ಚುಚ್ಚೋ ಚೂರು ಸಿಕ್ಕ್ರ ಪೂರಾ ಗೇರ್‌ಬಾಕ್ಸೇ ಬದಲಿ.

ಯಾದಗಿರಿ: ಇನ್ನೊಂದು ಗ್ರೂಪಿನಾಗ ಬಂದದ: ಗೇರ್ ಎಣ್ಣಿಗೆ ಅರ್ಧ ಲೀಟರ್ ಡೀಸೆಲ್ ಕೂಡಿಸಿ ಓಡಿಸಿದ್ರ ಒಳಗ ಸ್ವಚ್ಛ ಆಗ್ತದಂತ.

ಮಿಸ್ತ್ರಿ: ಮಾಡಬ್ಯಾಡ್ರಿ. ಎಣ್ಣಿ ತೆಳ್ಳಗಾಗಿ ಬೇರಿಂಗ್, ಗೇರ್ ಹೊಂದಿಸೋ ಸಿಂಕ್ರೊ ರಿಂಗ್ ತಿಂತದ. ಸಿವಿಟಿಗೆ ಹಾಕಿದ್ರ ಅದೇ ಕಡೀ ದಿನ. ಯಾರೋ ಬರದದ್ದು ಇಲ್ಲಿ ತಂದು ಹಾಕಬ್ಯಾಡ್ರಿ.

ಶಹಾಪುರ: ಆಟೋಮ್ಯಾಟಿಕ್ ಎಲ್ಲಾ ಮೈಲೇಜ್ ತಿಂತಾವ. ಗೇರಿಂದೇ ಖರೇ ಗಾಡಿ.

ಹುಮನಾಬಾದ್: ಎಎಂಟಿ ಗೇರಿನ ಗಾಡಿಯಷ್ಟೇ ಕೊಡ್ತದ. ಹಳೇ ಟಾರ್ಕ್ ಕನ್ವರ್ಟರ್ (ಕ್ಲಚ್ ಬದಲಿ ಎಣ್ಣಿ ಮ್ಯಾಲೆ ನಡಿಯೋ ಆಟೋಮ್ಯಾಟಿಕ್) ತಿಂತಾವ. ಎಲ್ಲಾ ಒಂದೇ ಅನಬ್ಯಾಡ್ರಿ.

ಶಹಾಪುರ: ದಾರ್ಯಾಗ ಬಂದ್ ಬಿದ್ರ ನೀವು ಬಂದು ನೂಕ್ತೀರೇನು?

ಹುಮನಾಬಾದ್: ಬ್ಯಾಟ್ರಿಗೆ ಜಂಪರ್ ಕೇಬಲ್ ಅದಾವ. ನಿಮಗ ಓಡಿಸಿ ಗೊತ್ತಿಲ್ಲಂದ್ರ ಸುಮ್ಮ ಕೂಡ್ರಿ.

ಶಹಾಪುರ: ಹಗ್ಗ ಕಟ್ಟಿ ಎಳದ್ರ ಆಯ್ತು, ಅದಕ್ಯಾಕ ಇಷ್ಟು ಮಾತು?

ಮಿಸ್ತ್ರಿ: ಹಗ್ಗ ಕಟ್ಟಿ ಎಳೀಬ್ಯಾಡ್ರಿ! ಇಂಜಿನ್ ಬಂದ್ ಇದ್ದಾಗ ಪಂಪ್ ಎಣ್ಣಿ ಕಳಸಂಗಿಲ್ಲ, ಸಿವಿಟಿ, ಟಾರ್ಕ್ ಕನ್ವರ್ಟರ್ ಒಣಾ ತಿರುಗಿ ಹಾಳಾಗ್ತಾವ. ಗಾಡಿ ಪೂರಾ ಹೊತ್ತೊಯ್ಯೋ ಫ್ಲಾಟ್‌ಬೆಡ್ ಲಾರಿ ಕರಸ್ರಿ, ಇಲ್ಲಾ ಇಂಜಿನ್ನಿಂದ ತಿರುಗೋ ಚಕ್ರ ಎತ್ತಿ ಒಯ್ರಿ.

ಚಿತ್ತಾಪುರ: ಎಎಂಟಿ ತಗೋಬಹುದಾ ಸರ್?

ಮಿಸ್ತ್ರಿ: ಮ್ಯಾಲೆ ಬರದೀನಿ.

ಜೇವರ್ಗಿ: ಎಎಂಟಿ ಚಲೋನಾ?

ಮಿಸ್ತ್ರಿ: ಮ್ಯಾಲೆ.

ಬೀದರ್: ಸ್ಕ್ಯಾನಿಗೆ ಒಪ್ಪ್ಯಾನ, ಪ್ಯಾನ್ ಬಿಚ್ಚಾಕ ಬಿಡವಲ್ಲ. ರೋಡ್ ಟ್ಯಾಕ್ಸ್ ವಿಷಯ ಯಾರರೆ ಹೇಳ್ರಿ.

ಮಿಸ್ತ್ರಿ: ಸ್ಕ್ಯಾನಿನಾಗ ದೋಷದ ಕೋಡ್ ಅಳಿಸಿ ತೋರಸ್ತಾರ, ಪ್ಯಾನಿನಾಗಿನ ಚೂರು ಅಳಿಸಾಕ ಆಗಂಗಿಲ್ಲ. ಬಿಚ್ಚಾಕ ಬಿಡಲಿಲ್ಲಂದ್ರ ಆ ಗಾಡಿ ಬ್ಯಾಡ.